ತುತ್ತೂರಿ ಇಳಿದು ಕೊರಳು ಏರಿದ ವರ್ಷ: ಮ್ಯಾಗ್ಮಾ ತಂಡ, 1972–73

ಪ್ಯಾರಿಸ್ಸಿನ ಮ್ಯಾಗ್ಮಾ ತಂಡದ ಹೆಸರು ಬಂದರೆ ಮಾತು ಮೊದಲು ಹೋಗಿ ನಿಲ್ಲುವುದು ಅವರ ಭಾಷೆಯ ಮೇಲೆ. ಡ್ರಮ್ಮರ್ ಕ್ರಿಸ್ತಿಯಾನ್ ವಾಂದೇರ್ ಕಟ್ಟಿದ ಕೊಬಾಯನ್ ಎಂಬ ನುಡಿ, ಕೊಬಾಯಾ ಎಂಬ ಕಲ್ಪನೆಯ ಗ್ರಹ, ಕಪ್ಪು ಬಟ್ಟೆ, ಪಂಜದ ಆಕಾರದ ಲಾಂಛನ. ಇವೆಲ್ಲ ಕಣ್ಣಿಗೆ ಬೀಳುವ ಸಂಗತಿಗಳು, ಹಾಗಾಗಿ ಬರೆಯುವವರೂ ಅಲ್ಲೇ ಉಳಿದುಬಿಡುತ್ತಾರೆ. ಆದರೆ ಭಾಷೆ 1970ರ ಮೊದಲ ಆಲ್ಬಮ್ಮಿನಲ್ಲೇ ಇತ್ತು. ಇವತ್ತು ‘ಝೋಯ್ಲ್’ ಎಂದು ಕರೆಸಿಕೊಳ್ಳುವ ಸಂಗೀತ ಮಾತ್ರ ಆಗ ಇನ್ನೂ ಹುಟ್ಟಿರಲಿಲ್ಲ. 1970 ಮತ್ತು 1971ರ ಎರಡು ಆಲ್ಬಮ್ ಕೇಳಿ, ಕೂಡಲೇ 1973ರ ‘ಮೆಕಾನಿಕ್ ದೆಸ್ತ್ರುಕ್ತಿವ್ ಕೊಮಾಂಡೋ’ ಹಾಕಿಕೊಂಡರೆ ಒಂದೇ ಹೆಸರಿಟ್ಟುಕೊಂಡ ಎರಡು ತಂಡಗಳನ್ನು ಕೇಳಿದಂತಾಗುತ್ತದೆ. ಅಭಿಮಾನಿಗಳ ಬಾಯಲ್ಲಿ ಆ ಮೂರನೆಯದು ಬರೀ ‘ಎಂಡಿಕೆ’.

ನಡುವಿನ ಎರಡು ವರ್ಷಗಳಲ್ಲಿ ತಂಡ ಒಡೆಯಿತು. ಒಡೆದ ತಂಡವನ್ನು ಮತ್ತೆ ಕಟ್ಟುವಾಗ ವಾಂದೇರ್ ಮೊದಲಿನ ಅಚ್ಚಿನಲ್ಲಿ ಕಟ್ಟಲಿಲ್ಲ. ಸ್ಯಾಕ್ಸೊಫೋನ್, ಟ್ರಂಪೆಟ್‌ಗಳು ನಿಂತಿದ್ದ ಜಾಗದಲ್ಲಿ ಮನುಷ್ಯರ ಕೊರಳು ತಂದು ನಿಲ್ಲಿಸಿದರು. ಮ್ಯಾಗ್ಮಾ ಮ್ಯಾಗ್ಮಾ ಆದದ್ದು ಈ ಒಂದು ಅದಲುಬದಲಿನಿಂದ ಎಂಬುದು ನಮ್ಮ ವಾದ. ಐವತ್ತು ವರ್ಷ ಕಳೆದರೂ ತಂಡ ಉಳಿದಿರುವುದಕ್ಕೂ ಅದೇ ಕಾರಣ.

ಮೊದಲಿನ ಅಚ್ಚು

ವಾಂದೇರ್ ಹುಟ್ಟಿದ್ದು 1948ರಲ್ಲಿ. ಸಾಕುತಂದೆ ಮೋರಿಸ್ ವಾಂದೇರ್ ಹೆಸರಾಂತ ಜಾಝ್ ಪಿಯಾನೊ ವಾದಕ. ಹುಡುಗ ಮನಸಾರೆ ಪೂಜಿಸಿದ್ದು ಜಾನ್ ಕೋಲ್ಟ್ರೇನ್ ಅವರನ್ನು. ಡ್ರಮ್ಸ್‌ನಲ್ಲಿ ಮಾದರಿ ಕೋಲ್ಟ್ರೇನ್ ತಂಡದ ಎಲ್ವಿನ್ ಜೋನ್ಸ್. 1967ರ ಜುಲೈನಲ್ಲಿ ಕೋಲ್ಟ್ರೇನ್ ತೀರಿಕೊಂಡಾಗ ವಾಂದೇರ್ ಕುಸಿದುಹೋದರು, ಇಟಲಿಗೆ ಹೋಗಿ ಅಲ್ಲಿ ಇಲ್ಲಿ ನುಡಿಸುತ್ತ ಕಾಲ ತಳ್ಳಿದರು. 1969ರಲ್ಲಿ ಪ್ಯಾರಿಸ್ಸಿಗೆ ಮರಳಿ ಕಟ್ಟಿದ ತಂಡವೇ ಮ್ಯಾಗ್ಮಾ.

ಮೊದಲ ಆಲ್ಬಮ್ ಫಿಲಿಪ್ಸ್ ಕಂಪನಿಯಿಂದ ಬಂದ ಜೋಡಿ ಎಲ್‌ಪಿ ತಟ್ಟೆ. ಕೆಟ್ಟುಹೋದ ಭೂಮಿಯನ್ನು ಬಿಟ್ಟು ಬೇರೊಂದು ಗ್ರಹ ಸೇರಿದವರ ಕಥೆ. ಅದರಲ್ಲಿ ಮೂವರು ಊದುಗಾರರು, ಒಂದು ಗಿಟಾರ್, ಪಿಯಾನೊ, ಬೇಸ್, ಡ್ರಮ್ಸ್, ಹಾಡಲು ಕ್ಲಾವ್ಸ್ ಬ್ಲಾಸ್ಕಿಜ್. ಎರಡನೆಯದು ‘1001 ಡಿಗ್ರಿ ಸೆಂಟಿಗ್ರೇಡ್’. ಅಷ್ಟರಲ್ಲಿ ಗಿಟಾರ್ ಬಿಟ್ಟುಹೋಗಿತ್ತು. ಉಳಿದ ಏಳು ಜನರಲ್ಲಿ ಮೂವರು ಊದುವವರೇ: ಲೂಯಿ ತೊಯೆಸ್ಕಾ, ಟೆಡ್ಡಿ ಲಾಸ್ರಿ, ಯೋಚ್ಕೊ ಸೆಫರ್. ಅಂದರೆ ಸ್ವರದ ಹೊರೆ ಹೊರುವವರು ಅವರು, ಬ್ಲಾಸ್ಕಿಜ್ ಒಬ್ಬರ ದನಿ ಅದರ ನಡುವೆ ಒಂದು ಎಳೆ.

ಈ ಎರಡನೆಯ ಆಲ್ಬಮ್ಮಿನ ಹಿಂದಿನ ಹೊದಿಕೆ ಓದಿದರೆ ಬಿರುಕು ಕಾಣುತ್ತದೆ. ಮೊದಲ ಬದಿ ಪೂರ್ತಿ ವಾಂದೇರ್ ಬರೆದ ‘ರಿಯಾ ಸಹಿಲ್ತಾಕ್’, ಸುಮಾರು 22 ನಿಮಿಷ. ಎರಡನೆಯ ಬದಿಯಲ್ಲಿ ಎರಡು ರಚನೆ: ಒಂದು ಲಾಸ್ರಿ ಅವರದು, ಇನ್ನೊಂದು ಪಿಯಾನೊ ವಾದಕ ಫ್ರಾನ್ಸ್ವಾ ಕಾಹೆನ್ ಅವರದು. ಮೂವರು ಬರೆಯುವವರು, ಮೂರು ದಾರಿ. ಲಾಸ್ರಿ, ಕಾಹೆನ್ ಅವರ ತುಣುಕುಗಳು ಚೆನ್ನಾಗಿಯೇ ಇವೆ. ಆದರೆ ಅವು ಜಾಝ್‌ನ ಮಾತಾಡುತ್ತವೆ: ಒಂದು ವಿಷಯ, ಅದರ ಸುತ್ತ ತಿರುವು, ಒಬ್ಬೊಬ್ಬರಿಗೆ ಒಂದೊಂದು ಬಿಡಿ ಆಟ. ವಾಂದೇರ್‌ಗೆ ಬೇಕಿದ್ದದ್ದು ಒಂದೇ ಉಸಿರಿನ, ಎಲ್ಲರೂ ಒಟ್ಟಾಗಿ ಏರುವ ಸಂಗೀತ. ‘ರಿಯಾ ಸಹಿಲ್ತಾಕ್’ನಲ್ಲೂ ಊದುವಾದ್ಯಗಳ ಜೋಡಣೆ ಆ ಏರಿಕೆಯನ್ನು ಮತ್ತೆ ಮತ್ತೆ ತುಂಡರಿಸುತ್ತದೆ. ಆ ರೂಪ ವಾಂದೇರ್‌ಗೆ ಸಮಾಧಾನ ಕೊಟ್ಟಿರಲಿಲ್ಲ.

ಒಡಕು, ಮತ್ತು ಹಿಡಿಯದೆ ಬಿಟ್ಟ ದಾರಿ

1972ರಲ್ಲಿ ಇದೇ ಸಂಗೀತಗಾರರ ಬಳಗ ‘ಯುನಿವೇರಿಯಾ ಝೆಕ್ತ್’ ಎಂಬ ಬೇರೆ ಹೆಸರಿನಲ್ಲಿ ಒಂದು ಆಲ್ಬಮ್ ಹೊರತಂದಿತು. ಮ್ಯಾಗ್ಮಾ ಗಡುಸು ಅನ್ನುವ ಕೇಳುಗರನ್ನು ಮೆತ್ತಗೆ ಕೈಹಿಡಿದು ಒಳಗೆ ಕರೆದುಕೊಳ್ಳುವುದು ಉದ್ದೇಶ. ತುಣುಕುಗಳು ಚಿಕ್ಕವು, ಜಾಝ್-ರಾಕ್ ಹದದವು, ಇಂಗ್ಲಿಷ್ ಮಾತುಗಳೂ ಇದ್ದವು. ಇದು ಹೆಚ್ಚು ಜನರನ್ನು ಮುಟ್ಟಲಿಲ್ಲ. ಸೋತದ್ದೇಕೆ ಎಂದು ಊಹಿಸುವುದು ಕಷ್ಟವಲ್ಲ: ಆ ಹೊತ್ತಿಗೆ ಜಾಝ್-ರಾಕ್ ನುಡಿಸುವ ಒಳ್ಳೆಯ ತಂಡಗಳು ಊರೂರಿಗೆ ಇದ್ದವು. ಮ್ಯಾಗ್ಮಾದಿಂದ ಮ್ಯಾಗ್ಮಾತನ ತೆಗೆದರೆ ಉಳಿಯುವುದು ಇನ್ನೊಂದು ಒಳ್ಳೆಯ ತಂಡ ಮಾತ್ರ.

ಆಮೇಲೆ ಜನ ಚೆದುರಿದರು. ಕಾಹೆನ್ ಮತ್ತು ಸೆಫರ್ ಹೋಗಿ ‘ಝಾವ್’ ತಂಡ ಕಟ್ಟಿದರು. ಅವರು ಬಯಸಿದ ಜಾಝ್ ದಾರಿ ಅಲ್ಲಿ ಸೊಗಸಾಗಿ ಬೆಳೆಯಿತು. ಬೇಸ್ ವಾದಕ ಫ್ರಾನ್ಸಿಸ್ ಮೋಜ್ ‘ಗಾಂಗ್’ ತಂಡದ ಕಡೆಗೆ ಹೋದರು; ಆ ತಂಡದ 1973ರ ಆಲ್ಬಮ್ ‘ಫ್ಲೈಯಿಂಗ್ ಟೀಪಾಟ್’ನಲ್ಲಿ ಕೇಳಿಸುವುದು ಅವರ ಬೇಸ್. ತೊಯೆಸ್ಕಾ ಕೂಡ ಉಳಿಯಲಿಲ್ಲ. ಉಳಿದವರು ವಾಂದೇರ್, ಬ್ಲಾಸ್ಕಿಜ್, ಲಾಸ್ರಿ.

ಇದೇ ಸುಮಾರಿಗೆ ತಂಡದ ವ್ಯವಹಾರ ಜಾರ್ಜಿಯೋ ಗೊಮೆಲ್ಸ್ಕಿ ಕೈಗೆ ಬಂತು. ಲಂಡನ್ನಿನಲ್ಲಿ ಕ್ರಾಡ್ಯಾಡಿ ಕ್ಲಬ್ ನಡೆಸಿ, ರೋಲಿಂಗ್ ಸ್ಟೋನ್ಸ್ ತಂಡಕ್ಕೆ ಮೊದಲ ವೇದಿಕೆಗಳಲ್ಲೊಂದನ್ನು ಕೊಟ್ಟು, ಯಾರ್ಡ್‌ಬರ್ಡ್ಸ್ ತಂಡವನ್ನು ನಡೆಸಿದ್ದ ಮನುಷ್ಯ. ಅವರು ಮಾಡಿದ ಒಂದು ಕೆಲಸ ಸಂಗೀತದಷ್ಟೇ ಮುಖ್ಯ. ಫ್ರಾನ್ಸಿನ ಊರೂರಲ್ಲಿ ಯುವಜನ ಮತ್ತು ಸಂಸ್ಕೃತಿ ಕೇಂದ್ರಗಳಿವೆ, ನಮ್ಮಲ್ಲಿನ ಸರಕಾರಿ ಕಲಾಮಂದಿರಗಳ ಹಾಗೆ. ಅವನ್ನು ಒಂದಕ್ಕೊಂದು ಪೋಣಿಸಿ ಪ್ರವಾಸದ ಸರಣಿ ಮಾಡಿದರು. ದೊಡ್ಡ ಸಭಾಂಗಣ, ರೇಡಿಯೊ, ಹಿಟ್ ಹಾಡು ಯಾವುದೂ ಇಲ್ಲದೆ ವಾರವಿಡೀ ನುಡಿಸುವ ದಾರಿ ಹೀಗೆ ತೆರೆಯಿತು. 40 ನಿಮಿಷದ ಒಂದೇ ರಚನೆಯನ್ನು ದಿನವೂ ನುಡಿಸಿ ಕಲಿಯಲು ಇದಕ್ಕಿಂತ ಒಳ್ಳೆಯ ತಾಲೀಮು ಮನೆ ಇಲ್ಲ.

ಹೊಸ ಅಚ್ಚು

ವಾಂದೇರ್ ರಚಿಸುವುದು ಪಿಯಾನೊ ಮುಂದೆ ಕೂತು ಹಾಡುತ್ತ. ಸ್ವರದ ಜೊತೆಜೊತೆಗೇ ಅಕ್ಷರಗಳೂ ಬಾಯಿಗೆ ಬಂದವು, ಫ್ರೆಂಚ್ ಆ ಸಂಗೀತಕ್ಕೆ ಒಗ್ಗಲಿಲ್ಲ ಎಂದು ಅವರು ಹಲವು ಬಾರಿ ಹೇಳಿದ್ದಾರೆ. ಇದನ್ನು ಗಮನವಿಟ್ಟು ನೋಡಬೇಕು. ಹುಟ್ಟುವಾಗಲೇ ಕೊರಳಿನಲ್ಲಿ ಹುಟ್ಟಿದ ಸಾಲನ್ನು ಮೊದಲೆರಡು ಆಲ್ಬಮ್ಮುಗಳಲ್ಲಿ ಸ್ಯಾಕ್ಸೊಫೋನಿಗೆ ಅನುವಾದ ಮಾಡಿ ಕೊಡುತ್ತಿದ್ದರು. ಅನುವಾದದಲ್ಲಿ ಅಕ್ಷರ ಬಿದ್ದುಹೋಗುತ್ತಿತ್ತು. ಊದುಗಾರರು ಬಿಟ್ಟುಹೋದ ಮೇಲೆ ಅನುವಾದದ ಅಗತ್ಯವೇ ಉಳಿಯಲಿಲ್ಲ.

ಕೊಬಾಯನ್ ಅಕ್ಷರಗಳು ಹೇಗಿವೆ ನೋಡಿ. ಕ, ತ, ದ, ಹ, ವ, ಝ. ಮಾತಿನ ಕೊನೆಗೆ ಒತ್ತಿ ನಿಲ್ಲಿಸುವ ‘ಕ್’, ‘ತ್’, ‘ನ್’. ಜರ್ಮನ್, ಸ್ಲಾವಿಕ್ ನುಡಿಗಳ ಛಾಯೆ. ಈ ಗಡುಸು ವ್ಯಂಜನ ಪ್ರತಿಯೊಂದೂ ಒಂದು ಪೆಟ್ಟು. ಇಪ್ಪತ್ತು ಸಲ ಒಂದೇ ಸಾಲು ಮರುಕಳಿಸುವಾಗ ಡ್ರಮ್ಸ್ ತನ್ನ ಒತ್ತನ್ನು ಅತ್ತಿತ್ತ ಸರಿಸಿದರೂ ಕೊರಳಿನ ವ್ಯಂಜನಗಳು ಲಯವನ್ನು ಹಿಡಿದು ನಿಲ್ಲಿಸುತ್ತವೆ. ಕೊನ್ನಕೋಲು ಕೇಳಿ ಬೆಳೆದ ಕಿವಿಗೆ ಇದು ಸುಲಭವಾಗಿ ಹಿಡಿಸುತ್ತದೆ. ಒಂದು ಭೇದ ಮಾತ್ರ ಉಂಟು: ನಮ್ಮ ಸೊಲ್ಕಟ್ಟು ಮದ್ದಳೆ ಮೃದಂಗಗಳ ಪೆಟ್ಟನ್ನು ನುಡಿಯುತ್ತದೆ, ಕೊಬಾಯನ್ ಶಬ್ದಗಳಿಗೆ ಅವುಗಳದೇ ಅರ್ಥವೂ ಇದೆ. ‘ತೋಯ್ಸ್ ಹಮ್ತಾಕ್’ ಅಂದರೆ ದ್ವೇಷದ ಕಾಲ, ‘ವುರ್ದಾ ಇತಾ’ ಅಂದರೆ ಸತ್ತ ಭೂಮಿ. ಆ ಜರ್ಮನ್ ಛಾಯೆ, ಕಪ್ಪು ಉಡುಪು, ಸಾಮೂಹಿಕ ಕೂಗು ಮೂರೂ ಸೇರಿ ಯುರೋಪಿನಲ್ಲಿ ಕೆಲವರ ಅನುಮಾನಕ್ಕೂ ಕಾರಣವಾದವು ಎಂಬುದನ್ನು ಮುಚ್ಚಿಡಬೇಕಿಲ್ಲ. ಯುದ್ಧ ಮುಗಿದು ಮೂವತ್ತು ವರ್ಷವೂ ಆಗಿರಲಿಲ್ಲ.

ಹೊಸ ಅಚ್ಚಿನ ಎರಡನೆಯ ಕಂಬ ಬೇಸ್. ಮಾರ್ಸೇಯ್‌ನಿಂದ ಬಂದ ಜಾನಿಕ್ ಟಾಪ್ ಕಲಿತದ್ದು ಚೆಲ್ಲೋ. ಅವರು ಬೇಸ್ ಗಿಟಾರನ್ನೂ ಚೆಲ್ಲೋ ಹಾಗೇ ಶ್ರುತಿ ಮಾಡುತ್ತಿದ್ದರು. ಸಾಮಾನ್ಯ ಬೇಸ್‌ನಲ್ಲಿ ಪಕ್ಕಪಕ್ಕದ ತಂತಿಗಳ ನಡುವಿನ ಅಂತರ ನಮ್ಮ ಸ-ಮ (ಶುದ್ಧ ಮಧ್ಯಮ). ಟಾಪ್ ಇಟ್ಟದ್ದು ಸ-ಪ. ಅಂದರೆ ಇ-ಎ-ಡಿ-ಜಿ ಬದಲು ಸಿ-ಜಿ-ಡಿ-ಎ. ದಪ್ಪ ತಂತಿಯಿಂದ ಎಣಿಸಿದರೆ ಮೂರನೆಯ ತಂತಿ ಇದ್ದಲ್ಲೇ ಇರುತ್ತದೆ, ಅತಿ ತೆಳುವಾದದ್ದು ಒಂದು ಪೂರ್ಣ ಸ್ವರ ಮೇಲೇರುತ್ತದೆ, ಎರಡನೆಯದು ಒಂದು ಸ್ವರ ಇಳಿಯುತ್ತದೆ. ದಪ್ಪ ತಂತಿ ಮಾತ್ರ 41.2 ಹರ್ಟ್ಸ್‌ನಿಂದ 32.7 ಹರ್ಟ್ಸ್‌ಗೆ ಬೀಳುತ್ತದೆ.

ಇದನ್ನು ಮಾಡಲು ಹೊರಡುವವರು ಮೊದಲು ಎಡವುವುದು ಇಲ್ಲೇ. ತಂತಿಯ ಬಿಗಿತ ಕಂಪನದ ವರ್ಗಕ್ಕೆ ತಕ್ಕಂತೆ ಬದಲಾಗುತ್ತದೆ. ಇದ್ದ ತಂತಿಯನ್ನೇ ಸಿ ತನಕ ಇಳಿಸಿದರೆ ಬಿಗಿತದಲ್ಲಿ 37 ಶೇಕಡಾ ಹೋಗಿ, ತಂತಿ ಜೋತು, ಕತ್ತಿನ ಮೇಲಿನ ಫ್ರೆಟ್ ಪಟ್ಟಿಗಳಿಗೆ ಬಡಿದು ಜರ್ರೆನ್ನುತ್ತದೆ. ಬಲವಾಗಿ ಮೀಟಿದರೆ ಮೊದಲ ಕ್ಷಣ ಸ್ವರ ಮೇಲೆದ್ದು ಆಮೇಲೆ ಕೆಳಗಿಳಿಯುತ್ತದೆ. ದಪ್ಪ ತಂತಿ ಹಾಕಲೇಬೇಕು, ಅದಕ್ಕೆ ತಕ್ಕಂತೆ ನಟ್‌ನ (ತಲೆಯ ಕಡೆ ತಂತಿ ಕೂರುವ ಪಟ್ಟಿ) ಗೀರು ಅಗಲಿಸಿ, ಇನ್ನೊಂದು ತುದಿಯ ಕುದುರೆಯಲ್ಲಿ ಉದ್ದ ಸರಿಹೊಂದಿಸಬೇಕು. ಇನ್ನೊಂದು ತೊಡಕು ಎಡಗೈಯದು: ಪಕ್ಕದ ತಂತಿ ಐದನೆಯ ಸ್ವರದಲ್ಲಿರುವುದರಿಂದ ಒಂದು ಸರಳ ಏರಿಕೆಗೂ ಬೆರಳು ಚಾಚಬೇಕು ಇಲ್ಲವೇ ಕೈ ಜಾರಿಸಬೇಕು. ಲಾಭವೂ ದೊಡ್ಡದು. ಕೆಳಗಿನ ಎರಡು ತಂತಿಗಳ ಮೇಲೆ ಒಂದೇ ಬೆರಳು ಅಡ್ಡ ಇಟ್ಟರೆ ಸ-ಪ ಸಿಕ್ಕಿತು, ತಂಬೂರಿಯಂಥ ತುಂಬು ನೆಲ. ಪಿಯಾನೊದ ಎಡಗೈ ಬೇಸ್ ಜೊತೆ ಒಂದೇ ಸಾಲು ನುಡಿಸುವ ಮ್ಯಾಗ್ಮಾ ಪದ್ಧತಿಗೆ ಈ ಆಳ ಸೇರಿದಾಗ ಮೇಲೆ ಕೊರಳುಗಳಿಗೆ ಬೇಕಾದಷ್ಟು ಬಯಲು ಉಳಿಯಿತು. ನಡುವಿನ ಸ್ವರವಲಯ ಖಾಲಿ ಬಿಟ್ಟದ್ದೇ ಗುಟ್ಟು. ಮೊದಲು ಅಲ್ಲಿ ಸ್ಯಾಕ್ಸೊಫೋನ್ ಕೂತಿತ್ತು.

ಮೂರನೆಯದು ಹೆಣ್ಣುದನಿ. ಸ್ಟೆಲಾ ವಾಂದೇರ್ 1960ರ ದಶಕದಲ್ಲಿ ಹದಿಹರೆಯದಲ್ಲೇ ಪಾಪ್ ಹಾಡುಗಾರ್ತಿಯಾಗಿ ಫ್ರಾನ್ಸಿನಲ್ಲಿ ಹೆಸರಾದವರು. ಅವರು, ಜೊತೆಗೆ ಇನ್ನು ನಾಲ್ವರು, ಒಟ್ಟು ಐವರ ಮೇಳ ಎಂಡಿಕೆಯಲ್ಲಿ ಹಾಡಿದೆ. ತಳಮಟ್ಟದಲ್ಲಿ ಬ್ಲಾಸ್ಕಿಜ್. ವಾಂದೇರ್ ಕೂಡ ಹಾಡುತ್ತಾರೆ.

ಧ್ವನಿಮುದ್ರಣ

ಎಂಡಿಕೆ ಮುದ್ರಣವಾದದ್ದು 1973ರಲ್ಲಿ, ಇಂಗ್ಲೆಂಡಿನ ಆಕ್ಸ್‌ಫರ್ಡ್‌ಶೈರ್‌ನ ‘ಮ್ಯಾನರ್’ ಮತ್ತು ಪ್ಯಾರಿಸ್ಸಿನ ‘ಅಕ್ವೇರಿಯಂ’ ಸ್ಟುಡಿಯೊಗಳಲ್ಲಿ, ನಿರ್ಮಾಪಕ ಗೊಮೆಲ್ಸ್ಕಿ. ಅದಕ್ಕೂ ಮೊದಲು ತಂಡ ಇದೇ ರಚನೆಯ ಇನ್ನೊಂದು ರೂಪವನ್ನು ಮುದ್ರಿಸಿತ್ತು. ಅದು ‘ಮೆಕಾನಿಕ್ ಕೊಮಾಂಡೋ’ ಹೆಸರಿನಲ್ಲಿ 1989ರಲ್ಲಿ ಹೊರಬಂತು. ಪ್ರಕರಣ ಅರ್ಥವಾಗಬೇಕಾದರೆ ಎರಡನ್ನೂ ಬೆನ್ನಿಗೆ ಬೆನ್ನು ಕೇಳಬೇಕು. ಮೊದಲ ರೂಪ ಬಡಕಲು: ಕೊರಳು, ಕೀಬೋರ್ಡ್, ಬೇಸ್, ಡ್ರಮ್ಸ್ ಮುಂದೆ, ಸಿಂಗಾರ ಕಡಿಮೆ. ರಚನೆ ಅಷ್ಟರಲ್ಲೇ ಗಟ್ಟಿಯಾಗಿ ನಿಲ್ಲುತ್ತದೆ. ಅಂತಿಮ ರೂಪದಲ್ಲಿ ಲಾಸ್ರಿಯ ಊದುವಾದ್ಯ, ರೆನೆ ಗಾರ್ಬರ್ ಅವರ ಬೇಸ್ ಕ್ಲಾರಿನೆಟ್, ಕ್ಲೋದ್ ಓಲ್ಮೋಸ್ ಅವರ ಗಿಟಾರ್ ಎಲ್ಲ ಸೇರಿದವು. ತುತ್ತೂರಿ ಮರಳಿ ಬಂತಲ್ಲ ಎನ್ನಬಹುದು. ಬಂತು, ಆದರೆ ಹೊರೆ ಹೊರಲು ಬರಲಿಲ್ಲ. ಮೇಳದ ಸಾಲಿಗೆ ಅಂಚು ಕಟ್ಟಲು ಬಂತು. ತೆಗೆದುಹಾಕಿದರೂ ಸಂಗೀತ ಬೀಳುವುದಿಲ್ಲ ಎಂಬುದಕ್ಕೆ ಮೊದಲ ರೂಪವೇ ಸಾಕ್ಷಿ.

ಕೆಟ್ಟದ್ದೇನು? ದಟ್ಟಣೆ. ಮ್ಯಾನರ್‌ನಲ್ಲಿ ಆಗ ಇದ್ದದ್ದು 16 ಟ್ರ್ಯಾಕ್‌ಗಳ ಯಂತ್ರ, ಅಂದರೆ ಟೇಪಿನ ಮೇಲೆ ಬೇರೆಬೇರೆಯಾಗಿ ಮುದ್ರಿಸಲು 16 ಪಟ್ಟಿ. ಅಂದಿನ ರೂಢಿಯ ಲೆಕ್ಕ ಹಾಕಿ ನೋಡಿ: ಡ್ರಮ್ಸ್‌ಗೆ ಮೂರು ನಾಲ್ಕು, ಬೇಸ್‌ಗೆ ಒಂದು, ಪಿಯಾನೊಗೆ ಎರಡು, ಆರ್ಗನ್, ಗಿಟಾರ್, ಊದುವಾದ್ಯ, ತಾಳವಾದ್ಯಕ್ಕೆ ಒಂದೊಂದಾದರೂ. ಹನ್ನೊಂದು ಮುಗಿಯಿತು. ಉಳಿದ ಐದರಲ್ಲಿ ಒಂಟಿ ದನಿಗಳು, ಐವರ ಮೇಳ, ಆ ಮೇಳವನ್ನು ದಪ್ಪವಾಗಿಸಲು ಮತ್ತೆ ಮತ್ತೆ ಹಾಡಿದ ಪದರಗಳು. ಜಾಗ ಸಾಲದಿದ್ದಾಗ ಮಾಡುವುದು ಒಂದೇ: ಹಲವು ಪದರಗಳನ್ನು ಬೆರೆಸಿ ಒಂದು ಟ್ರ್ಯಾಕ್‌ಗೆ ಇಳಿಸುವುದು. ಇಳಿಸಿದ ಪ್ರತಿ ಸಲವೂ ಟೇಪಿನ ಸರ್ರೆನ್ನುವ ಸದ್ದು ಕೂಡುತ್ತದೆ, ಮೇಲಿನ ಕಂಪನಗಳು ಮಸುಕಾಗುತ್ತವೆ, ಒಮ್ಮೆ ಬೆರೆಸಿದ್ದನ್ನು ಮತ್ತೆ ಬಿಡಿಸಲು ಬರುವುದಿಲ್ಲ. ಎಂಡಿಕೆಯಲ್ಲಿ ವಾಂದೇರ್‌ರ ಸಿಂಬಲ್‌ಗಳು ಮೇಳದ ಹಿಂದೆ ಮಂಜಿನಲ್ಲಿ ನಿಂತಂತೆ ಕೇಳಿಸುತ್ತವೆ. ಎಲ್ವಿನ್ ಜೋನ್ಸ್ ಗರಡಿಯ ಡ್ರಮ್ಮರ್‌ಗೆ ಇದು ಸಣ್ಣ ನಷ್ಟವಲ್ಲ. ಆದರೂ ಆ ಮಸುಕೇ ಸಾವಿರಾರು ಜನ ದೂರದಿಂದ ನಡೆದು ಬರುತ್ತಿರುವ ಭಾಸ ಕೊಡುತ್ತದೆ.

ಕಥೆಗೂ ಅದು ಒಪ್ಪುತ್ತದೆ. ನೆಬೆರ್ ಗುದಾತ್ ಎಂಬ ಪ್ರವಾದಿ ಭೂಮಿಯ ಜನರಿಗೆ, ಶುದ್ಧರಾಗದಿದ್ದರೆ ಉಳಿವಿಲ್ಲ ಎನ್ನುತ್ತಾನೆ. ಸಿಟ್ಟಿಗೆದ್ದ ಜನ ಅವನ ವಿರುದ್ಧ ದಂಡೆತ್ತಿ ನಡೆಯುತ್ತಾರೆ. ನಡೆಯುತ್ತ ನಡೆಯುತ್ತ ತಮ್ಮನ್ನೇ ಪ್ರಶ್ನಿಸಿಕೊಂಡು, ಕೊನೆಗೆ ಅವನ ಜೊತೆ ನಡೆಯುವವರಾಗುತ್ತಾರೆ. ಈ ಕಥೆಯಲ್ಲಿ ನಾಯಕನಿಗಿಂತ ಗುಂಪಿಗೇ ಹೆಚ್ಚು ಕೆಲಸ, ಗುಂಪನ್ನು ಮೂರು ಸ್ಯಾಕ್ಸೊಫೋನ್‌ಗಳಿಂದ ಕಟ್ಟಲು ಆಗುವುದಿಲ್ಲ.

ಎಲ್‌ಪಿಯಲ್ಲಿ ಏಳು ಭಾಗ, ಒಟ್ಟು 39 ನಿಮಿಷಕ್ಕೆ ಸ್ವಲ್ಪ ಕಡಿಮೆ. ಮೊದಲ ಬದಿಯಲ್ಲಿ ಮೂರು ಭಾಗ, ಸುಮಾರು ಹದಿನೇಳೂವರೆ ನಿಮಿಷ. ಎರಡನೆಯ ಬದಿಯಲ್ಲಿ ನಾಲ್ಕು, 21 ನಿಮಿಷ. ಒಂದೇ ಏರಿಕೆಯ ರಚನೆಯನ್ನು ನಡುವೆ ಕತ್ತರಿಸಿ ತಟ್ಟೆ ಮಗುಚಬೇಕಾದದ್ದು ಮಾಧ್ಯಮದ ಮಿತಿ. ಇನ್ನೊಂದು ಮಿತಿ ಅಷ್ಟು ಬೇಗ ಹೊಳೆಯುವುದಿಲ್ಲ. 33⅓ ವೇಗದಲ್ಲಿ ತಿರುಗುವ 12 ಇಂಚಿನ ತಟ್ಟೆಯ ಹೊರ ಅಂಚಿನಲ್ಲಿ ಮುಳ್ಳಿನ ಕೆಳಗೆ ಸೆಕೆಂಡಿಗೆ ಸುಮಾರು 51 ಸೆಂಟಿಮೀಟರ್ ಗೀರು ಹರಿಯುತ್ತದೆ. ಒಳಗೆ, ಲೇಬಲ್ ಹತ್ತಿರ, ಬರೀ 21. ಅದೇ ಸ್ವರ ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ಇಕ್ಕಟ್ಟಾಗುತ್ತದೆ, ಮೇಲಿನ ಕಂಪನಗಳು ಒಡೆಯುತ್ತವೆ. ಎಂಡಿಕೆಯ ಮೇಳ ಅತಿ ಎತ್ತರಕ್ಕೇರುವುದು ಎರಡನೆಯ ಬದಿಯ ಕೊನೆಯಲ್ಲಿ, ಅಂದರೆ ಗೀರು ಅತಿ ಇಕ್ಕಟ್ಟಾದ ಜಾಗದಲ್ಲೇ. ಹಳೆಯ ಪ್ರತಿ ಕೊಳ್ಳುವವರು ಆ ಕೊನೆಯ ಏಳು ನಿಮಿಷ ಕೇಳಿಯೇ ಹಣ ಕೊಡುವುದು ಒಳ್ಳೆಯದು. ಮೊದಲ ಬದಿಯ ಆರಂಭ ಕೇಳಿ ಮೋಸಹೋಗಬಾರದು.

ವೇದಿಕೆಯ ಲೆಕ್ಕ ಬೇರೆ

ಸ್ಟುಡಿಯೊದಲ್ಲಿ ಐವರ ಮೇಳವನ್ನು ಹದಿನೈದು ಮಾಡಬಹುದು. ಪ್ರವಾಸದ ವ್ಯಾನಿನಲ್ಲಿ ಅಷ್ಟು ಜನರಿಗೆ ಜಾಗವೂ ಇಲ್ಲ, ಸಂಬಳವೂ ಇಲ್ಲ. ಜೊತೆಗೆ ಗಟ್ಟಿ ಡ್ರಮ್ಸ್ ಪಕ್ಕ ಎಂಟು ಮೈಕ್ ತೆರೆದಿಟ್ಟರೆ ಎಂಟರಲ್ಲೂ ಸಿಂಬಲ್ ಸೋರುತ್ತದೆ. 1974ರಲ್ಲಿ ಲಂಡನ್ನಿನ ಬಿಬಿಸಿಗಾಗಿ ನುಡಿಸಿದ ಮುದ್ರಣ ಕೇಳಿದರೆ ತಂಡ ಕಂಡುಕೊಂಡ ದಾರಿ ತಿಳಿಯುತ್ತದೆ: ಮೇಳ ಇಲ್ಲ, ಎರಡು ಕೀಬೋರ್ಡ್ ಮೇಳದ ಜಾಗ ತುಂಬುತ್ತವೆ, ಬ್ಲಾಸ್ಕಿಜ್ ಒಬ್ಬರೇ ಗುಂಪಿನ ಪ್ರತಿನಿಧಿಯಾಗಿ ಹಾಡುತ್ತಾರೆ. 1975ರ ಜೂನ್‌ನಲ್ಲಿ ಪ್ಯಾರಿಸ್ಸಿನ ‘ತಾವೆರ್ನ್ ದ ಲೊಲಂಪಿಯಾ’ದಲ್ಲಿ ಮುದ್ರಿಸಿದ ಜೋಡಿ ಆಲ್ಬಮ್ಮಿನಲ್ಲಿ ಸ್ಟೆಲಾ ಇದ್ದಾರೆ, ಜೊತೆಗೆ 19 ವರ್ಷದ ಪಿಟೀಲು ವಾದಕ ದಿದಿಯೇ ಲಾಕ್‌ವುಡ್. ಎಂಡಿಕೆಯ ಭಾಗ ಅಲ್ಲಿ ಪಿಟೀಲಿನ ಮೇಲೆ ಹಾರುತ್ತದೆ. ಆ ಹೊತ್ತಿಗೆ ಟಾಪ್ ಬಿಟ್ಟುಹೋಗಿ ಬೆರ್ನಾರ್ ಪಗನೊಟ್ಟಿ ಬಂದಿದ್ದರು.

ಯಾರು ಬಿಟ್ಟುಹೋದರೂ ಅಚ್ಚು ಮುರಿಯಲಿಲ್ಲ ಎಂಬುದನ್ನು ಇಲ್ಲಿ ಗುರುತಿಸಬೇಕು. 1971ರ ತಂಡ ಆಯಾ ವ್ಯಕ್ತಿಯ ಬಿಡಿ ಆಟದ ಮೇಲೆ ನಿಂತಿತ್ತು, ನಾಲ್ವರು ಹೋದಾಗ ಬಿದ್ದಿತು. 1973ರ ಅಚ್ಚಿನಲ್ಲಿ ಇರುವುದು ಪಾತ್ರಗಳು: ತಳದ ಬೇಸ್, ಮರುಕಳಿಸುವ ಕೀಬೋರ್ಡ್, ಗಂಡುದನಿ, ಹೆಣ್ಣುದನಿ, ಡ್ರಮ್ಸ್. ಯಕ್ಷಗಾನದ ಮೇಳದಲ್ಲಿ ವೇಷಧಾರಿ ಬದಲಾದರೂ ಪ್ರಸಂಗ ನಡೆಯುವ ಹಾಗೆ ಹೊಸಬರು ಬಂದು ಪಾತ್ರ ಹೊತ್ತರು. ಪಗನೊಟ್ಟಿ ಹೊರಗೆ ಹೋಗಿ ‘ವೈದೋರ್ಜ್’ ಕಟ್ಟಿದಾಗ ಇದೇ ಅಚ್ಚನ್ನು ಜೊತೆಗೆ ಒಯ್ದರು. ಜಪಾನಿನಲ್ಲಿ ತತ್ಸುಯಾ ಯೋಶಿದಾ, ಅವರೂ ಡ್ರಮ್ಮರ್, ಕೊಎಂಜಿ ಹ್ಯಾಕ್ಕೆಯ್ ತಂಡದಲ್ಲಿ ಕಟ್ಟುನುಡಿ, ಹೆಣ್ಣುದನಿ, ಗುಡುಗುವ ಬೇಸ್ ಮೂರನ್ನೂ ಇಟ್ಟುಕೊಂಡರು. ಊದುವಾದ್ಯದ ಮ್ಯಾಗ್ಮಾವನ್ನು ಅನುಸರಿಸಿ ಹೀಗೊಂದು ವಂಶ ಬೆಳೆಯಲಿಲ್ಲ.

ಎಂಡಿಕೆ ಒಂದು ತ್ರಿವಳಿಯ ಮೂರನೆಯ ಭಾಗ. ಮೂರನೆಯದು ಮೊದಲು ಬಂತು. ಎರಡನೆಯ ‘ವುರ್ದಾ ಇತಾ’ 1974ರಲ್ಲಿ, ಒಂದು ಚಲನಚಿತ್ರದ ಹಿನ್ನೆಲೆ ಸಂಗೀತವಾಗಿ, ನಾಲ್ಕೇ ಜನರಿಂದ ಮುದ್ರಣವಾಯಿತು: ವಾಂದೇರ್, ಸ್ಟೆಲಾ, ಬ್ಲಾಸ್ಕಿಜ್, ಟಾಪ್. ಎರಡು ಗಂಡುದನಿ, ಒಂದು ಹೆಣ್ಣುದನಿ, ಪಿಯಾನೊ, ಬೇಸ್, ಡ್ರಮ್ಸ್. ಅಚ್ಚಿಗೆ ಕನಿಷ್ಠ ಎಷ್ಟು ಬೇಕು ಎಂಬುದರ ಅಳತೆಗೋಲು ಇದು. ಮೊದಲನೆಯ ‘ತೋಯ್ಸ್ ಹಮ್ತಾಕ್’ ಆ ದಶಕದಲ್ಲಿ ಸ್ಟುಡಿಯೊ ಕಾಣಲೇ ಇಲ್ಲ, ವೇದಿಕೆಯಲ್ಲೇ ಬೆಳೆಯಿತು. ಮೂರೂ ಸರಿಯಾದ ಕ್ರಮದಲ್ಲಿ, ಒಂದೇ ಕಛೇರಿಯಲ್ಲಿ ಮುದ್ರಣವಾದದ್ದು 2000ದಲ್ಲಿ, ಪ್ಯಾರಿಸ್ಸಿನ ತ್ರಿಯಾನೋನ್ ರಂಗಮಂದಿರದಲ್ಲಿ. ಹೊಸಬರು ಯಾವುದರಿಂದ ಶುರುಮಾಡಬೇಕು ಎಂದು ಕೇಳಿದರೆ ಆ ಕಛೇರಿಯ ಎಂಡಿಕೆಯನ್ನೇ ಹೇಳುತ್ತೇವೆ. 1973ರಲ್ಲಿ ಮಂಜಿನ ಹಿಂದಿದ್ದ ಸಿಂಬಲ್ ಅಲ್ಲಿ ಬೆಳಕಿಗೆ ಬಂದಿದೆ, ಮೇಳದ ಒಂದೊಂದು ಎಳೆಯೂ ಬಿಡಿಬಿಡಿಯಾಗಿ ಕಾಣುತ್ತದೆ.

1971ರಲ್ಲಿ ಊದುವಾದ್ಯಗಳ ಕೈಯಲ್ಲಿ ತುಂಡುತುಂಡಾಗಿದ್ದ ‘ರಿಯಾ ಸಹಿಲ್ತಾಕ್’ನ ಬಾಕಿ ಒಂದು ಉಳಿದಿತ್ತು. ವಾಂದೇರ್ ಅದನ್ನು ಮರೆತಿರಲಿಲ್ಲ. ನಲವತ್ತಕ್ಕೂ ಹೆಚ್ಚು ವರ್ಷ ಕಳೆದು, 2014ರಲ್ಲಿ, ಅವರ ತಂಡ ಅದನ್ನು ಮೊದಲಿನಿಂದ ಮುದ್ರಿಸಿತು. ಹಿಂದೆ ಟ್ರಂಪೆಟ್, ಸ್ಯಾಕ್ಸೊಫೋನ್ ನುಡಿಸಿದ್ದ ಸಾಲುಗಳನ್ನು ಈ ಸಲ ಸ್ಟೆಲಾ ಮತ್ತು ಜೊತೆಯವರು ಹಾಡಿದ್ದಾರೆ.